ಸರದಿ ಪುಸ್ತಕ

29 ಸೆಪ್ಟೆಂಬರ್ 2024, ಭಾನುವಾರ
ಕೊಪ್ಪ

ಬೆಳಗ್ಗೆಯಿಂದ ಮಳೆ ಹೊಳವಾಗಿದೆ. ಹಾಗಾಗಿ ಪೂಜೆಗೆ ಎಸ್ಟೇಟ್ ಲೈನಿನವರು, ಅಂದರೆ ಕಾಫಿ ತೋಟದ ಕೂಲಿ ಸಾಲುಮನೆಗಳವರು, ಜಾಸ್ತಿ ಬಂದಿದ್ದರು. ಇವತ್ತು ವಲಸಿಗರ ಮತ್ತು ನಿರಾಶ್ರಿತರ ದಿನ. 1914ರಿಂದ ಚರ್ಚ್ ಇದನ್ನು ಆಚರಿಸುತ್ತಾ ಬಂದಿದೆ. ಜಾರ್ಖಂಡಿನ ಹೆಂಗಸರು ಕಾಣಿಕೆ ಹಿಡಿದು, ಮಾಂದರ್ ಬಡಿತಕ್ಕೆ ಹಾಡುತ್ತಾ ಬಂದರು. ನಮ್ಮ ಮದ್ದಳೆಯ ಹಾಗೆ ಎರಡೂ ಕಡೆ ಬಾರಿಸುವ ವಾದ್ಯ ಅದು. ಅವರ ಸಾದ್ರಿ ಮಾತು ನಮಗೆ ಅರ್ಥವಾಗದಿದ್ದರೂ ಕೇಳಿ ಕೇಳಿ ಪಲ್ಲವಿ ನಮ್ಮ ಬಾಯಿಗೂ ಬಂದಿದೆ.

ಫಾದರ್ ಪ್ರಬೋಧನೆಯಲ್ಲಿ ನೆದರ್‌ಲ್ಯಾಂಡ್ಸಿನ ಹೇಗ್ ನಗರದ ಒಂದು ಚರ್ಚಿನ ಕಥೆ ಹೇಳಿದರು. ಅರ್ಮೇನಿಯಾದ ಒಂದು ಕುಟುಂಬವನ್ನು ಸರ್ಕಾರ ವಾಪಸ್ ಕಳಿಸಲು ಹೊರಟಿತ್ತು. ಆರಾಧನೆ ನಡೆಯುವಾಗ ಪೊಲೀಸರು ಒಳಗೆ ನುಗ್ಗುವಂತಿಲ್ಲ ಅನ್ನೋದು ಅಲ್ಲಿನ ಕಾನೂನು. ಸರಿ, ಆರಾಧನೆ ನಿಲ್ಲಿಸಲೇ ಇಲ್ಲ! 2018ರ ಅಕ್ಟೋಬರ್ 26ಕ್ಕೆ ಶುರುವಾಗಿದ್ದು 2019ರ ಜನವರಿ 30ರವರೆಗೆ ನಡೆಯಿತು. ಒಟ್ಟು 96 ದಿನ, ಹಗಲೂ ರಾತ್ರಿ. ಊರೂರಿನ ಪಾದ್ರಿಗಳು ಬಂದು ಸರದಿ ಹಿಡಿದರು.

ಸರದಿ ಅಂದ ಕೂಡಲೇ ನನಗೆ ಬಡವರಿಗೆ ನೆರವಾಗುವ ನಮ್ಮ ಚರ್ಚಿನ ಸಂಘ ವಿನ್ಸೆಂಟ್ ಪಾವ್ಲ್ ಸಭೆಯ ಪುಸ್ತಕ ಕಣ್ಣ ಮುಂದೆ ಬಂತು.

ಉದ್ದನೆಯ ಲೆಕ್ಕದ ಪುಸ್ತಕ ಅದು. ಮಳೆಗಾಲಕ್ಕೆ ರಟ್ಟಿಗೆಲ್ಲ ಬೂಷ್ಟು ಹಿಡಿದಿದೆ. ಮೊದಲ ಪುಟ 2020ರ ಏಪ್ರಿಲ್‌ದು. ಕಾಫಿ ಕೊಯ್ಲು ಮುಗಿಸಿ ಊರಿಗೆ ಹೊರಟವರು ಲಾಕ್‌ಡೌನಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಆ ಪುಟಗಳಲ್ಲಿ ಬರೀ ಅಕ್ಕಿ, ಬೇಳೆ, ಎಣ್ಣೆ. ಮೇ 1ಕ್ಕೆ ಮೊದಲ ಶ್ರಮಿಕ ರೈಲು ತೆಲಂಗಾಣದ ಲಿಂಗಂಪಳ್ಳಿಯಿಂದ ಅವರದೇ ಜಾರ್ಖಂಡಿನ ಹಟಿಯಾಕ್ಕೆ ಹೊರಟಿತು ಅಂತ ಗೊತ್ತಾದಾಗ ಅವರ ಮುಖ ನೋಡಬೇಕಿತ್ತು. ಇಷ್ಟಕ್ಕೆ ನಮ್ಮ ಕೆಲಸ ಮುಗಿಯಿತು ಅಂದುಕೊಂಡಿದ್ದೆವು. ಮುಗಿಯಲಿಲ್ಲ. ಹೋದವರಲ್ಲಿ ಎಷ್ಟೋ ಜನ ತಿರುಗಿ ಬಂದರು, ಈ ಸಲ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು. ಅಲ್ಲಿಂದ ಪುಸ್ತಕದ ತುಂಬ ಆಧಾರ್, ಜ್ವರ, ಶಾಲೆ, ಬ್ಯಾಂಕ್ ಖಾತೆ.

ಕಳೆದ ವರ್ಷ ಒಬ್ಬರು ಸಭೆಯಲ್ಲಿ ಕೇಳಿಯೇಬಿಟ್ಟರು, "ಇನ್ನೂ ಎಷ್ಟು ವರ್ಷ ಇವರ ಹಿಂದೆ ಓಡಾಡೋದು?" ಅಂತ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾಲ್ಕೈದು ಜನರೇ ಎಲ್ಲ ಹೊತ್ತು ಸುಸ್ತಾಗಿದ್ದೆವು. ಆಮೇಲೆ ಇಬ್ಬಿಬ್ಬರ ಜೋಡಿ ಮಾಡಿಕೊಂಡೆವು. ಒಂದು ಜೋಡಿಗೆ ತಿಂಗಳಿಗೆ ಒಂದೇ ಸರದಿ. ಹೋದವರು ಬಂದು ಬರೆದಿಡಬೇಕು, ಮುಂದಿನವರು ಅದನ್ನು ಓದಿಕೊಂಡೇ ಹೋಗಬೇಕು. ಆ ಪ್ರಶ್ನೆ ಮತ್ತೆ ಬಂದಿಲ್ಲ.

ನಿನ್ನೆಯದನ್ನು ಪುಸ್ತಕದಲ್ಲಿ ಎರಡೇ ಸಾಲು ಬರೆದೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಸಿಮ್ಡೇಗಾ ಜಿಲ್ಲೆಯ ಒಬ್ಬ ತಾಯಿ ಮತ್ತು ನಾಲ್ಕನೇ ಕ್ಲಾಸಿನ ಮಗಳ ಜೊತೆ ರೇಷನ್ ತರಲು ಸೊಸೈಟಿಗೆ ಹೋಗಿದ್ದೆ. ಅವರದು ಜಾರ್ಖಂಡಿನ ಕಾರ್ಡ್. 'ಒಂದು ದೇಶ ಒಂದು ಪಡಿತರ ಚೀಟಿ' ಬಂದ ಮೇಲೆ ಆ ಕಾರ್ಡಿಗೆ ಇಲ್ಲೂ ತಲೆಗೆ 5 ಕೆಜಿ ಸಿಗಬೇಕು. ಊರಲ್ಲಿರುವ ಅತ್ತೆ ತಮ್ಮ ಪಾಲನ್ನು ಅಲ್ಲೇ ತೆಗೆದುಕೊಳ್ಳಬಹುದು, ಉಳಿದದ್ದನ್ನು ಇವರು ಇಲ್ಲಿ. ಹೋದ ತಿಂಗಳು ಬೇರೊಂದು ಅಂಗಡಿಯಲ್ಲಿ "ಇದು ನಮ್ಮ ಕಾರ್ಡಲ್ಲ" ಅಂತ ವಾಪಸ್ ಕಳಿಸಿದ್ದರು. ಸಾಲಿನಲ್ಲಿ ನಿಂತಾಗ ಯಾರೋ ಹಿಂದಿನಿಂದ "ಬಾಂಗ್ಲಾದವರು" ಅಂದರು. ನನಗೆ ಹೊಟ್ಟೆ ಉರಿಯಿತು. ನಮ್ಮ ತೋಟದ ಅಡಿಕೆ ಸುಲಿಯುವವರು ಎಲ್ಲಿಯವರು ಅಂತ ಕೇಳುವಷ್ಟೂ ಪುರುಸೊತ್ತಿಲ್ವಾ ನಮಗೆ?

ಹೆಬ್ಬೆರಳು ಇಟ್ಟರು. ಯಂತ್ರ ಒಪ್ಪಲಿಲ್ಲ. ತೋರುಬೆರಳು, ಅದೂ ಇಲ್ಲ. ಅವರ ಕೈ ಹಿಡಿದು ನೋಡಿದೆ. ಬೆರಳ ತುದಿ ಸವೆದು ನುಣ್ಣಗಾಗಿದೆ, ಉಗುರಿನ ಸುತ್ತ ಅಡಿಕೆ ಕರೆ ಕಪ್ಪಗೆ ಕೂತಿದೆ. ಸೆರಗಿನಿಂದ ಒಂದೊಂದೇ ಬೆರಳು ಒರೆಸಿ ಒರೆಸಿ ಇಡಿಸಿದೆ. ಅಂಗಡಿಯವರೂ ಪಾಪ, ಬೇಸರಿಸಲಿಲ್ಲ. "ಅವಸರ ಇಲ್ಲಮ್ಮ, ಇನ್ನೊಂದ್ಸಲ ನೋಡಿ" ಅಂದರು. ಎಡಗೈ ಉಂಗುರ ಬೆರಳಿಗೆ ಹಸಿರು ದೀಪ ಹತ್ತಿತು. ಚೀಟಿ ಹೊರಗೆ ಬಂತು. ಮಗಳು ಅದನ್ನು ಕಿತ್ತುಕೊಂಡು ಕನ್ನಡದಲ್ಲಿ ಗಟ್ಟಿಯಾಗಿ ಓದಿ, ಅಮ್ಮನಿಗೆ ಸಾದ್ರಿಯಲ್ಲಿ ಹೇಳಿದಳು. "ಪಂದ್ರಹ್ ಕಿಲೋ, ದೀದಿ!" ಅಂತ ಆ ತಾಯಿ ನನ್ನ ಕಡೆ ತಿರುಗಿದರು.

ಇದೇ ಹುಡುಗಿಗೆ ಎರಡು ವರ್ಷದ ಹಿಂದೆ ಒಂದು ಶಾಲೆಯಲ್ಲಿ ಟಿಸಿ ಇಲ್ಲ ಅಂತ ಸೀಟು ಕೊಟ್ಟಿರಲಿಲ್ಲ. ಟಿಸಿ ಇಲ್ಲ ಅನ್ನೋ ಕಾರಣಕ್ಕೆ ಮಗುವನ್ನು ಹೊರಗಿಡುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆ ಪುಟದ ಜೆರಾಕ್ಸ್ ಹಿಡಿದು ಮೂರು ಸಲ ಹೋಗಬೇಕಾಯಿತು. ಹೋದದ್ದು ಮೂರು ಬೇರೆ ಬೇರೆ ಜೋಡಿ. ಪುಸ್ತಕದಲ್ಲಿ ಮೂರು ತರದ ಕೈಬರಹ ಇದೆ.

ಈ ತಿಂಗಳ 8ಕ್ಕೆ ಮೊಂತಿ ಹಬ್ಬದಲ್ಲಿ (ಮರಿಯಮ್ಮನವರ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಹೌದು) ಅವಳು ಮರಿಯಮ್ಮನವರಿಗೆ ಹೂ ಹಾಕಿದಳು. ತೆನೆ ಹಂಚುವಾಗ ಅವಳಮ್ಮ ಕಣ್ಣಿಗೊತ್ತಿಕೊಂಡು "ನವಾಖಾನಿ" ಅಂದರು. ಅವರ ಕಡೆಯೂ ಹೊಸ ಅಕ್ಕಿಯ ಹಬ್ಬ ಇದೆಯಂತೆ.

ಗುರುವಾರ ಮೇಲಿನ ಲೈನಿಗೆ ನಮ್ಮ ಜೋಡಿಯ ಸರದಿ. ಅಲ್ಲೊಬ್ಬಳಿಗೆ ಏಳು ತಿಂಗಳು, ಇನ್ನೂ ತಾಯಿ ಕಾರ್ಡ್ ಆಗಿಲ್ಲ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ಯಬೇಕು. ದಾರಿಯಲ್ಲಿ ಇಂಬಳ (ಜಿಗಣೆ) ಜಾಸ್ತಿ, ಸುಣ್ಣ ಹೊಗೆಸೊಪ್ಪು ಇಟ್ಟುಕೊಳ್ಳಬೇಕು.