ಲೇಥ್ ಮುಂದೆ ನಿಲ್ಲುವವರಿಗೆ ಯಾವ ಯೋಗ?

ಕಾರ್ಖಾನೆಯಲ್ಲಿ ಯೋಗ ಶುರು ಮಾಡುವ ಮುಂಚೆ ಕೆಲಸಗಾರರಿಗೆ ನೋವು ಎಲ್ಲೆಲ್ಲಿ ಎಂದು ಕೇಳಿಕೊಳ್ಳಿ, ಆಮೇಲೆ ಆಸನ ಆರಿಸಿ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಂಥ ಕಡೆ ಲೇಥ್, ಮಿಲ್ಲಿಂಗ್‌ನಂಥ ಲೋಹ ಕೊರೆಯುವ ಮಷಿನ್ ಮುಂದೆ ಎಂಟು ತಾಸು ನಿಂತವರು ಮೀನಖಂಡ, ಸೊಂಟ, ಹೆಗಲು ತೋರಿಸುತ್ತಾರೆ. ಗ್ರೈಂಡಿಂಗ್‌ನವರಿಗೆ ಮಣಿಕಟ್ಟು, ಕಂಪ್ಯೂಟರ್ ಮುಂದಿನವರಿಗೆ ಕುತ್ತಿಗೆ.

ಕೆಲಸದ ನಡುವೆ ಮಾಡಲೆಂದು ಆಯುಷ್ ಸಚಿವಾಲಯ ರೂಪಿಸಿದ ಐದು ನಿಮಿಷದ ಯೋಗ ‘ವೈ-ಬ್ರೇಕ್’ ಒಳ್ಳೆಯ ಬುನಾದಿ. ಅದರ ನಿಂತು ಮಾಡುವ ಆಸನಗಳನ್ನೇ ಹದಿನೈದು ನಿಮಿಷಕ್ಕೆ ಹಿಗ್ಗಿಸಿ, ನಿಧಾನವಾಗಿ ಮಾಡಿಸಬಹುದು. ಹೆಗಲು ತಿರುಗಿಸುವುದು ಎರಡೂ ದಿಕ್ಕಿಗೆ ಐದೈದು ಸಲ. ಜೊತೆಗೆ ಮುಷ್ಟಿ ಬಿಗಿದು ಬಿಡುವುದು ಹತ್ತು ಸಲ. ನೆಟ್ಟಗೆ ನಿಂತು ಕೈ ಮೇಲೆ ಚಾಚುವ ತಾಡಾಸನ ಮೂರು ಸಲ, ಹಿಮ್ಮಡಿ ಎತ್ತಿ ಹತ್ತು ಸೆಕೆಂಡ್. ತೂಗಾಡುವವರು ಗೋಡೆ ಹಿಡಿಯಲಿ. ನಿಂತಲ್ಲೇ ಪಕ್ಕಕ್ಕೆ ಹೊರಳುವ ಕಟಿಚಕ್ರಾಸನ ಎರಡೂ ಬದಿಗೆ ಐದೈದು. ಸೊಂಟ ಹಿಡಿದು ಹಿಂದಕ್ಕೆ ಬಾಗುವ ಅರ್ಧಚಕ್ರಾಸನ ಎರಡೇ ಸಾಕು. ಕೊನೆಗೆ ಮೂಗಿನ ಒಂದೊಂದೇ ಹೊಳ್ಳೆಯಿಂದ ಉಸಿರಾಡುವ ನಾಡಿಶೋಧನ ಐದು ಸುತ್ತು.

ಹೆಚ್ಚು ತಪ್ಪುವುದು ಅರ್ಧಚಕ್ರಾಸನದಲ್ಲಿ. ಅಂಗೈ ಸೊಂಟಕ್ಕೆ ಆನಿಸದೆ, ಮೊಣಕಾಲು ಮಡಚಿ, ತಲೆಯನ್ನು ಹಿಂದಕ್ಕೆ ಚೆಲ್ಲುತ್ತಾರೆ. ತಲೆ ಸುತ್ತುತ್ತದೆ, ಬಾಗಿದ್ದೆಲ್ಲ ಕುತ್ತಿಗೆಯೇ, ಬೆನ್ನಲ್ಲ. ಕಟಿಚಕ್ರಾಸನದಲ್ಲಿ ಪಾದ ಅಲುಗಬಾರದು, ಮೊಣಕಾಲು ತಿರುಚಬಾರದು, ಹೊರಳಬೇಕಾದ್ದು ಸೊಂಟದಿಂದ ಮೇಲಿನ ಭಾಗ. ಎಣಿಕೆ ವೇಗವಾದರೆ ಜನ ಉಸಿರು ಕಟ್ಟುತ್ತಾರೆ. ಆದ್ದರಿಂದ ಹೇಳಿಕೊಡುವವರು ಅಂಕಿ ಬಿಟ್ಟು ‘ಒಳಗೆ, ಹೊರಗೆ’ ಎನ್ನಲಿ. ಬಿಪಿ, ಹೃದಯದ ತೊಂದರೆ, ಹರ್ನಿಯಾ ಇದ್ದವರು, ಗರ್ಭಿಣಿಯರು ಎಲ್ಲರೂ ಒಂದೇ ಸಾಲಿನಲ್ಲಿರುತ್ತಾರೆ, ಹಾಗಾಗಿ ಹೊಟ್ಟೆ ಎಳೆದು ರಭಸದಿಂದ ಉಸಿರು ಬಿಡುವ ಕಪಾಲಭಾತಿ ಗುಂಪಿಗೆ ಬೇಡವೇ ಬೇಡ. ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಯ ಧೂಳಿನಲ್ಲಂತೂ ದೀರ್ಘ ಉಸಿರಾಟವೂ ಸಲ್ಲದು, ಹೊರಗೆ ಗಾಳಿಯಿದ್ದಲ್ಲಿ ಮಾಡಿಸಿ. ಭಟ್ಟಿಯಿಂದ ಬಂದವರು ನೀರು ಕುಡಿದು, ಬೆವರು ಆರಿದ ಮೇಲೆ ಸೇರಲಿ.

ಹೊತ್ತು ಯಾವುದು? ಪಾಳಿ ಶುರುವಾದ ಮೊದಲ ಹದಿನೈದು ನಿಮಿಷ, ಡ್ಯೂಟಿಯೊಳಗೇ. ಪಾಳಿಗೆ ಮುಂಚೆ ಬನ್ನಿ ಎಂದರೆ ಹಳ್ಳಿಯಿಂದ ಬಸ್ ಹಿಡಿಯುವವರಿಗೆ ಆಗದ ಮಾತು. ರೊಟ್ಟಿ ಊಟ ಮುಗಿಸಿ ಬಗ್ಗಿಸಿದರೆ ಹೊಟ್ಟೆ ತೊಳಸುತ್ತದೆ. ಊಟಕ್ಕೂ ಆಸನಕ್ಕೂ ಮೂರು ತಾಸಾದರೂ ಅಂತರ ಬೇಕು.

ಜಾಗ ಮಷಿನ್ ಪಕ್ಕದ್ದಾಗಬಾರದು: ಎಣ್ಣೆ, ಕಬ್ಬಿಣದ ಚೂರು ಎರಡೂ ಪಾದಕ್ಕೆ ಅಪಾಯ. ಸೇಫ್ಟಿ ಶೂನಲ್ಲಿ ಹಿಮ್ಮಡಿ ಸರಿಯಾಗಿ ಏಳುವುದಿಲ್ಲ, ಕಳಚಲೇಬೇಕು. ನುಣುಪು ಗಚ್ಚಿನ ಮೇಲೆ ಜಮಖಾನೆ ಜಾರುತ್ತದೆ, ಗುಡಿಸಿ ಒರೆಸಿದ ಬರಿ ನೆಲವೇ ಮೇಲು. ತೋಳು ಚಾಚಿದರೆ ಪಕ್ಕದವರಿಗೆ ತಾಗದಷ್ಟು ಅಂತರವಿರಲಿ.

ಹೆಣ್ಣುಮಕ್ಕಳನ್ನು ಮುಂದಿನ ಸಾಲಿಗೆ ನಿಲ್ಲಿಸಬೇಡಿ. ಹಿಂದೆ ಗಂಡಸರಿದ್ದಾಗ ಸೀರೆಯುಟ್ಟು ಬಗ್ಗುವುದು ಮುಜುಗರ, ಮರುದಿನ ಬರುವುದಿಲ್ಲ. ‘ಇವತ್ತು ಕೂತು ಮಾಡತೀನ್ರಿ’ ಎಂದರೆ ಕಾರಣ ಕೇಳಬಾರದು. ಪ್ರಾರ್ಥನೆಯ ಜಾಗದಲ್ಲಿ ಒಂದು ನಿಮಿಷ ಮೌನವಿದ್ದರೆ ಎಲ್ಲ ಧರ್ಮದವರೂ ಸಲೀಸಾಗಿ ನಿಲ್ಲುತ್ತಾರೆ. ಹಾಜರಿ ಹಾಕುವುದಂತೂ ಬೇಡ. ಸೂಪರ್‌ವೈಸರ್ ಸಾಹೇಬ್ರು ಸಾಲಿನ ನಡುವೆ ನಿಂತು ತಾವೂ ಮಾಡಿದರೆ ಅದೇ ದೊಡ್ಡ ಕರೆ.

ಇಷ್ಟಾದರೂ ಸೊಂಟ ನೋವು ಇಳಿಯದವರ ಮಷಿನ್ ಹತ್ತಿರ ಹೋಗಿ ನೋಡಿ. ಕೆಲಸದ ಮೇಜು ಮೊಣಕೈಗಿಂತ ತೀರ ಕೆಳಗಿದ್ದರೆ ದಿನವಿಡೀ ಬಗ್ಗಿಯೇ ಇರುತ್ತಾರೆ, ಆ ಬಾಗು ಹದಿನೈದು ನಿಮಿಷದಲ್ಲಿ ಬಿಡುವುದಿಲ್ಲ. ಮೇಜಿನ ಕಾಲಿಗೆ ಗಟ್ಟಿಯಾದ ಆನಿಕೆ ಕೊಟ್ಟು ಎತ್ತರಿಸಿ. ಕುಳ್ಳಗಿದ್ದವರಿಗೆ ಕಾಲಡಿ ಅಲುಗದ ಅಗಲವಾದ ಹಲಗೆ ಹಾಕಿಸಿ. ಗಚ್ಚಿನ ಮೇಲೆ ಬರಿದೆ ನಿಲ್ಲುವವರಿಗೆ ದಪ್ಪ ರಬ್ಬರ್ ಮ್ಯಾಟ್ ಕೊಡಿಸಿ.