ಕ್ಯಾನಿಯನಿಂಗ್ ತಯಾರಿ: ಹಗ್ಗ ಆಯಿತು, ಹೊತ್ತಿನ ಲೆಕ್ಕ ಆಯಿತು, ಆಂಕರ್ ಬಾಕಿ

ಕ್ಯಾನಿಯನಿಂಗ್ ಅಂದರೆ ಹೊಳೆ ಹರಿಯುವ ಕೊರಕಲಿನಲ್ಲಿ ಹಗ್ಗದಿಂದ ಇಳಿಯುತ್ತ, ಈಜುತ್ತ ಹೋಗುವುದು. ಹೋಗಬೇಕಾದ ಕೊರಕಲು ಗೊತ್ತಾಗಿದೆ. ಫ್ರೆಂಚ್ ಶ್ರೇಣಿಯಲ್ಲಿ ವಿ3, ಎ2. ವಿ ಅಂದರೆ ಹಗ್ಗದ ಕೆಲಸ, ಎ ಅಂದರೆ ನೀರಿನ ಕಷ್ಟ. ಎರಡೂ 1ರಿಂದ 7ರವರೆಗೆ. ಹೋಗುವ ಗೆಳೆಯರು 6 ಜನ, ಹಗ್ಗ ಹಾಕಿ ಇಳಿಯಬೇಕಾದ ಜಾಗ 8, ಅತಿ ಎತ್ತರದ್ದು 25 ಮೀಟರ್.

ಹಗ್ಗ 9 ಮಿ.ಮೀ. ಸೆಮಿ-ಸ್ಟ್ಯಾಟಿಕ್ (ಹೆಚ್ಚು ಹಿಗ್ಗದ್ದು), 60 ಮೀಟರ್. ಕೊನೆಗೆ ಕೆಳಗಿನಿಂದ ಎಳೆದುಕೊಳ್ಳಲು ಹಗ್ಗ ಜೋಡಿಯಾಗಿ ಇಳಿಬಿಡಬೇಕು, 25ರ ಎರಡರಷ್ಟು 50 ಸಾಕಲ್ಲವೇ ಅನ್ನಿಸಬಹುದು. ಆದರೆ ಆಂಕರ್ (ಹಗ್ಗ ಕಟ್ಟುವ ಗಟ್ಟಿ ಆಧಾರ) ಅಂಚಿನಿಂದ ಎರಡು ಮೂರು ಮೀಟರ್ ಹಿಂದಿರುತ್ತದೆ, ಹೊಸ ಹಗ್ಗ ಮೊದಲ ಸಲ ನೆನೆದು ಒಣಗಿದಾಗ ಕುಗ್ಗುತ್ತದೆ ಕೂಡ. ಅದಕ್ಕೇ ನೆನೆಸಿ ಒಣಗಿಸಿ ಆಮೇಲೆ ಅಳತೆ ಮಾಡಿದ್ದು. ಅಷ್ಟೇ ಉದ್ದದ ಇನ್ನೊಂದು ಹಗ್ಗ ಬೇರೆಯವರ ಚೀಲದಲ್ಲಿ. ಮೊದಲನೆಯದು ಬಂಡೆಗೆ ಸಿಕ್ಕಿಕೊಂಡರೆ ಮುಂದಕ್ಕೆ ಅದೇ ಗತಿ. ಬಂಡೆ ಹತ್ತುವ ಡೈನಾಮಿಕ್ ಹಗ್ಗ ಇಲ್ಲಿಗೆ ಬೇಡ, ಭಾರ ಬಿದ್ದಾಗ ಹಿಗ್ಗಿ ಕುಗ್ಗುತ್ತ ಅಂಚಿನ ಮೇಲೆ ಗರಗಸದ ಹಾಗೆ ಉಜ್ಜುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಉದ್ದ ಹೊಂದಿಸುವ ಅಭ್ಯಾಸ. ಮೇಲೆ ಆಂಕರ್‌ಗೆ ಫಿಗರ್-8 (8ರ ಆಕಾರದ ಲೋಹದ ಸಾಧನ) ಸಿಕ್ಕಿಸಿ, ಅದಕ್ಕೆ ಹಗ್ಗ ಸುತ್ತಿ ಲಾಕ್ ಮಾಡಬೇಕು. ಹಗ್ಗವನ್ನು ನೇರ ಗಂಟು ಹಾಕಿ ಬಿಗಿಯಬಾರದು. ಇಳಿಯುವವರ ಕೂದಲೋ ಅಂಗಿಯೋ, ಹಗ್ಗದ ಮೇಲೆ ಇಳಿಯುವ ವೇಗ ತಡೆಯುವ ಸಾಧನವಾದ ಡಿಸೆಂಡರ್‌ಗೆ ಸಿಕ್ಕಿ ಧಾರೆಯ ಕೆಳಗೇ ನಿಂತುಬಿಟ್ಟರೆ, ಲಾಕ್ ಬಿಡಿಸಿ ಹಗ್ಗದ ಸಮೇತ ಕೆಳಗಿಳಿಸಬಹುದು. ಮೊದಲನೆಯವರನ್ನು ಮೇಲಿಂದಲೇ ಇಳಿಸುವುದು, ಅವರು ನೀರು ಮುಟ್ಟಿ ಸೀಟಿ ಊದಿದಲ್ಲಿಗೆ ಲಾಕ್. ನೀರಿನ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲ, ಯಾವ ಸೀಟಿಗೆ ಏನು ಅರ್ಥ ಅನ್ನುವುದು ಮೊದಲೇ ಮಾತಾಗಿರಬೇಕು. ಹಗ್ಗದ ತುದಿ ನೀರು ಮುಟ್ಟಿದರೆ ಸಾಕು. ನೊರೆನೀರಲ್ಲಿ ನಾಲ್ಕೈದು ಮೀಟರ್ ಹೆಚ್ಚು ಬಿಟ್ಟರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಅಷ್ಟನ್ನೂ ಡಿಸೆಂಡರ್‌ನಿಂದ ಎಳೆದು ಬಿಡಿಸಿಕೊಳ್ಳುವಷ್ಟರಲ್ಲಿ ಸುಳಿ ಮತ್ತೆ ಧಾರೆಯ ಕೆಳಗೆ ಎಳೆದಿರುತ್ತದೆ. ಒಣ ಬಂಡೆಯಲ್ಲಿ ತುದಿಗೆ ಗಂಟು ಹಾಕುವ ರೂಢಿ ಒಳ್ಳೆಯದೇ. ಹರಿಯುವ ನೀರಿಗೆ ಇಳಿಯುವಾಗ ಮಾತ್ರ ಬೇಡ. ತುದಿ ಜಾರಿಸಿಕೊಂಡು ಈಜಿ ಹೋಗುವುದೇ ಅಲ್ಲಿ ಬಿಡುಗಡೆ.

ಕೊನೆಯವರದು ಬೇರೆ ಕೆಲಸ. ಹಗ್ಗವನ್ನು ಆಂಕರ್‌ನ ರಿಂಗ್‌ನೊಳಗೆ ಪೋಣಿಸಿ, ಒಂದು ಬದಿಗೆ ಕ್ಲೋವ್ ಹಿಚ್‌ನಿಂದ (ಒಂದು ಬಗೆಯ ಗಂಟು) ಕ್ಯಾರಬೈನರ್ (ತೆರೆದು ಮುಚ್ಚುವ ಗೇಟಿರುವ ಲೋಹದ ಕೊಂಡಿ) ಕಟ್ಟಿ ರಿಂಗ್‌ಗೆ ಅಡ್ಡ ನಿಲ್ಲಿಸುತ್ತಾರೆ. ಕ್ಯಾರಬೈನರ್ ಇರುವ ಬದಿ ಆಮೇಲೆ ಎಳೆಯುವುದಕ್ಕೆ, ಇನ್ನೊಂದು ಇಳಿಯುವುದಕ್ಕೆ. ಅದಲುಬದಲಾದರೆ ಮನುಷ್ಯನ ಸಮೇತ ಹಗ್ಗ ಓಡುತ್ತದೆ. ಲ್ಯಾನ್ಯಾರ್ಡ್ (ತಮ್ಮನ್ನು ಆಂಕರಿಗೆ ಕಟ್ಟಿಕೊಂಡ ಗಿಡ್ಡ ಹಗ್ಗ) ಬಿಚ್ಚುವ ಮೊದಲು ಪೂರ್ತಿ ಭಾರ ಹಾಕಿ ನೋಡುವುದು, ಕೆಳಗಿನವರು ಒಮ್ಮೆ ಎಳೆದು ಹಗ್ಗ ಸರಿಯುತ್ತದೆಯೇ ನೋಡುವುದು, ಎರಡೂ ಕಡ್ಡಾಯ.

ಹೊತ್ತಿನ ಲೆಕ್ಕ: ಒಬ್ಬರಿಗೆ 4 ನಿಮಿಷ, 6 ಜನ, 8 ಇಳಿತ, 192 ನಿಮಿಷ. ಪ್ರತಿ ಸಲ ಕಟ್ಟಿ ಬಿಚ್ಚಲು 10 ಹಿಡಿದರೆ ಇನ್ನೂ 80. ನಡಿಗೆ, ಈಜು ಬಿಟ್ಟೇ ನಾಲ್ಕೂವರೆ ತಾಸು. ಬೇಸಿಗೆಯ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಹಾಗಾಗಿ ಎಂಟೂವರೆಗೆ ನೀರಿಗೆ, ಎರಡರೊಳಗೆ ಹೊರಗೆ. ಹಿಂದಿನವರು ಹಗ್ಗ ಎಳೆಯುವಾಗಲೇ ಮುಂದಿನವರು ಎರಡನೇ ಹಗ್ಗ ಕಟ್ಟುತ್ತ ಹೋದರೆ ಇನ್ನಷ್ಟು ಉಳಿಯುತ್ತದೆ. ನೋಡಬೇಕಾದ್ದು ತಲೆಯ ಮೇಲಿನ ಆಕಾಶವನ್ನಷ್ಟೇ ಅಲ್ಲ, ಹೊಳೆಯ ಮೇಲ್ಭಾಗದ್ದನ್ನೂ. ನೀರು ಕೆಂಪಾಗಿ ಎಲೆ ಕಡ್ಡಿ ತೇಲಿಬಂದರೆ ಕೆಳಗೆ ಓಡುವುದಲ್ಲ, ಪಕ್ಕಕ್ಕೆ ಎತ್ತರಕ್ಕೆ ಹತ್ತುವುದು.

ಬಿಸಿಲೆಂದು ವೆಟ್‌ಸೂಟ್ ಬಿಡುವಂತಿಲ್ಲ, 5 ಮಿ.ಮೀ. ಇರಲಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಒಯ್ಯುತ್ತದೆ. ನೆರಳಿನ ಮಡುವಿನ ಪಕ್ಕ ಸರದಿಗೆ ಕಾದು ಬೆರಳು ಮರಗಟ್ಟಿದರೆ ಕ್ಯಾರಬೈನರ್ ಗೇಟೂ ತೆರೆಯಲಾಗದು.

ಬಾಕಿ ಇರುವುದು ಆಂಕರ್ ಸಾಮಾನು: 6 ಮೀಟರ್ ವೆಬ್ಬಿಂಗ್ (ಆಂಕರ್ ಕಟ್ಟುವ ಚಪ್ಪಟೆ ನಾರಿನ ಪಟ್ಟಿ), ಮೂರು ಕ್ವಿಕ್ ಲಿಂಕ್ (ತಿರುಪಿ ಮುಚ್ಚುವ ಲೋಹದ ಕೊಂಡಿ), ಒಂದು ಚಾಕು. ಹಿಂದಿನವರು ಬಿಟ್ಟ ಪಟ್ಟಿ ಬಣ್ಣ ಮಾಸಿ ಬಿರುಸಾಗಿದ್ದರೆ, ಅಥವಾ ಬಂಡೆಗೆ ತಾಗುವ ಬದಿಯಲ್ಲಿ ನಾರು ಎದ್ದಿದ್ದರೆ, ಅದರ ಮೇಲೇ ಇನ್ನೊಂದು ಕಟ್ಟುವುದಲ್ಲ. ಕತ್ತರಿಸಿ ಹೊಸದು ಹಾಕಿ, ಹಳೆಯ ತುಂಡನ್ನು ಚೀಲಕ್ಕೆ ತುರುಕಿಕೊಳ್ಳುವುದು.