ವಿಷ್ಣುವರ್ಧನನ ಕಾಲದ ಇನ್ನೊಂದು ವಿಷ್ಣು ದೇವಾಲಯ

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ನಡೆದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಅದಕ್ಕೆ ಕೆಲವೇ ವರ್ಷಗಳ ಮುಂಚೆ, 1113ರ ಸುಮಾರಿಗೆ, ಕಾಂಬೋಡಿಯಾದಲ್ಲಿ ಪಟ್ಟಕ್ಕೆ ಬಂದ ಎರಡನೆಯ ಸೂರ್ಯವರ್ಮ ಅಂಗ್‌ಕೋರ್ ವಾಟ್ ಕಟ್ಟಿಸಿದ, ಅದೂ ವಿಷ್ಣುವಿಗೇ. ಬೆಂಗಳೂರಿನಿಂದ ಬೇಲೂರು, ಹಳೇಬೀಡಿಗೆ ನೆಂಟರಿಷ್ಟರನ್ನು ಕರೆದುಕೊಂಡು ಹೋಗಿ ಬರುವುದೇ ರೂಢಿಯಾಗಿದ್ದ ನಮ್ಮ ಮನೆಯವರಿಗೆ ಈ ಸಮಕಾಲೀನನ ಕೆಲಸವನ್ನೂ ನೋಡಬೇಕೆಂಬ ಆಸೆ ಬಹಳ ಹಳೆಯದು. ದಸರಾ ರಜೆಯಲ್ಲಿ ಅದು ಕೈಗೂಡಿತು.

ದೇವನಹಳ್ಳಿಯಿಂದ ವಿಮಾನ ತಡವಾಗಿ ಹೊರಟಿತು, ಬ್ಯಾಂಕಾಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು, ರಾತ್ರಿ ನಿಲ್ದಾಣದ ಕುರ್ಚಿಗಳ ಮೇಲೆಯೇ ಕಳೆಯಿತು. ಅಂಗ್‌ಕೋರ್ ವಾಟ್‌ಗೆ ಹತ್ತಿರದ ಊರಾದ ಸಿಯೆಮ್ ರೀಪ್ ತಲುಪಿದಾಗ ಅಮ್ಮನ ಸೂಟ್‌ಕೇಸ್ ಮಾತ್ರ ಬಂದಿರಲಿಲ್ಲ. ಅಲ್ಲಿ 2023ರಲ್ಲಿ ತೆರೆದ ಹೊಸ ವಿಮಾನ ನಿಲ್ದಾಣ ಊರಿನಿಂದ ಸುಮಾರು 50 ಕಿ.ಮೀ. ದೂರದಲ್ಲಿದೆ. ಇತರ ಪ್ರಯಾಣಿಕರು ಗೊಣಗುತ್ತಿದ್ದರು. ಬೆಂಗಳೂರಿನವರಾದ ನಮಗೆ ಅದೊಂದು ದೂರವೆನಿಸಲಿಲ್ಲ.

ಅಂಗ್‌ಕೋರ್ ವಾಟ್‌ಗೆ ನಾವು ಹೋದದ್ದು ಬೌದ್ಧರ ಪವಿತ್ರ ದಿನವಾದ್ದರಿಂದ, ಬಾಕನ್ ಎಂದು ಕರೆಯುವ ಮೇಲಿನ ಹಂತಕ್ಕೆ ಪ್ರವೇಶವಿರಲಿಲ್ಲ. ಹೀಗಾಗಿ ಪ್ರವಾಸಿಗರು ಸಾಮಾನ್ಯವಾಗಿ ಅವಸರದಲ್ಲಿ ದಾಟಿಬಿಡುವ ಕೆಳಗಿನ ಕೈಸಾಲೆಗೆ ನಮ್ಮ ಹಗಲೆಲ್ಲ ಮೀಸಲಾಯಿತು. ಶರಶಯ್ಯೆಯ ಭೀಷ್ಮ, ಲಂಕೆಯ ಯುದ್ಧ, ಯಮಧರ್ಮನ ನ್ಯಾಯಸಭೆ, ಎಲ್ಲವೂ ಆ ಗೋಡೆಗಳ ಮೇಲಿವೆ. ಈ ಕಥೆಗಳನ್ನು ಕ್ರಮವಾಗಿ ನೋಡಬೇಕಾದರೆ ಪ್ರದಕ್ಷಿಣೆಗೆ ವಿರುದ್ಧವಾಗಿ, ಗುಡಿಯನ್ನು ಎಡಕ್ಕಿಟ್ಟುಕೊಂಡು ನಡೆಯಬೇಕು. ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿರುವುದರ ಜೊತೆಗೆ ಇದನ್ನೂ ಸೇರಿಸಿ, ಇದು ರಾಜನ ಮರಣೋತ್ತರ ಸ್ಮಾರಕವೂ ಆಗಿದ್ದಿರಬೇಕೆಂದು ಅನೇಕ ವಿದ್ವಾಂಸರು ಊಹಿಸುತ್ತಾರೆ. ಅಮ್ಮನಿಗೆ ಅಪ್ರದಕ್ಷಿಣೆ ಒಪ್ಪಿಗೆಯಾಗದೆ, ಅವರು ತಮ್ಮ ದಾರಿಯಲ್ಲಿ ಹೊರಟು ನಮಗೆ ಎದುರಾಗಿ ಸಿಕ್ಕರು.

ಪೂರ್ವದ ಗೋಡೆಯಲ್ಲಿ ಸಮುದ್ರ ಮಥನ ಸುಮಾರು 49 ಮೀಟರ್ ಉದ್ದಕ್ಕೆ ಹರಡಿದೆ. 92 ಅಸುರರು ಒಂದು ಕಡೆ, 88 ದೇವತೆಗಳು ಇನ್ನೊಂದು ಕಡೆ, ನಡುವೆ ವಿಷ್ಣು, ಕೆಳಗೆ ಕೂರ್ಮ. ನಮ್ಮಲ್ಲಿ ಇದೇ ಪ್ರಸಂಗ ಹಲವು ಗುಡಿಗಳಲ್ಲಿ ಒಂದು ಪಟ್ಟಿಕೆಯಷ್ಟೇ ಜಾಗದಲ್ಲಿ ಮುಗಿದುಹೋಗುತ್ತದೆ. ಇಲ್ಲಿ ಎಳೆಯುವವರ ಸಾಲು ಕಣ್ಣಿನ ಅಳತೆಯನ್ನೂ ಮೀರಿ ಸಾಗುವುದರಿಂದ, ಆ ಕೆಲಸ ಎಷ್ಟು ದೀರ್ಘವಾದದ್ದು, ಎಷ್ಟು ದಣಿಸುವಂಥದ್ದು ಎಂಬುದು ನಡೆಯುವವನ ಕಾಲಿಗೇ ತಿಳಿಯುತ್ತದೆ. ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಕೆಳಭಾಗದ ಜಲಚರಗಳು. ಅಂಚಿನಲ್ಲಿ ಮೀನು, ಮೊಸಳೆಗಳು ನಿಶ್ಚಿಂತೆಯಿಂದ ಈಜುತ್ತಿವೆ. ಮಂದರ ಪರ್ವತ ಹತ್ತಿರವಾದಂತೆ ಚದುರುತ್ತವೆ. ಕಡಗೋಲಿನ ಬುಡದಲ್ಲಿ ಅವುಗಳ ದೇಹ ತುಂಡಾಗಿ ನೀರಿನಲ್ಲಿ ಸುತ್ತುತ್ತಿದೆ. ಅಮೃತದ ಆಸೆಗೆ ಮೀನುಗಳೂ ಬೆಲೆ ತೆತ್ತವು ಎಂಬುದನ್ನು ನೆನಪಿಟ್ಟುಕೊಂಡ ಆ ಶಿಲ್ಪಿಗೆ ನನ್ನ ನಮಸ್ಕಾರ.

ಅಲ್ಲಿನ ಇನ್ನೊಂದು ಹಳೆಯ ದೇವಾಲಯವಾದ ತಾ ಪ್ರೋಮ್‌ನಲ್ಲಿ ಗೋಡೆಗಳನ್ನು ತಬ್ಬಿದ ಬೇರುಗಳ ಮುಂದೆ ಫೋಟೋಗೆ ಸರತಿ ನಿಂತಿತ್ತು. ಅಲ್ಲಿ ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಜೀರ್ಣೋದ್ಧಾರ ಮಾಡಿರುವ ನರ್ತಕಿಯರ ಮಂಟಪದಲ್ಲಿ ಯಾರೂ ಇರಲಿಲ್ಲ.

ಕುಲೆನ್ ಬೆಟ್ಟದ ಕಡೆಯ ಕ್ಬಾಲ್ ಸ್ಪಿಯನ್‌ಗೆ ಹೋಗುವಾಗ ಟುಕ್‌ಟುಕ್‌ನ ಟಯರ್ ಒಡೆದು, ಅದು ದುರಸ್ತಿಯಾಗುವಷ್ಟರಲ್ಲಿ ಮಳೆ ಹಿಡಿಯಿತು. ಶಿರಸಿಯ ಬಳಿ ಶಾಲ್ಮಲೆಯಲ್ಲಿರುವಂತೆ ಅಲ್ಲಿಯೂ ನದಿಯ ತಳದ ಬಂಡೆಗಳಲ್ಲಿ ಲಿಂಗಗಳನ್ನು ಕೊರೆದಿದ್ದಾರೆ. ಅವು ಹನ್ನೊಂದನೆಯ ಶತಮಾನದವು. ಕಾಡಿನ ದಾರಿ ಹತ್ತಿ ತಲುಪಿದರೆ ಕೆಂಪು ನೀರು ಎಲ್ಲವನ್ನೂ ಮುಚ್ಚಿಕೊಂಡು ಹರಿಯುತ್ತಿತ್ತು. ಸಹಸ್ರಲಿಂಗ ನೋಡಲು ಮಳೆಗಾಲ ಸರಿಯಲ್ಲ ಎಂಬುದು ಎರಡೂ ದೇಶಗಳಿಗೆ ಅನ್ವಯಿಸುತ್ತದೆ.

ಹಿಂದಿರುಗುವ ದಾರಿಯಲ್ಲಿ ಸಿಕ್ಕ ಬಾಂತೆಯ್ ಸ್ರೆಯ್ ಆ ಬೇಸರವನ್ನು ಉಳಿಸಲಿಲ್ಲ. 967ರಲ್ಲಿ ಪ್ರತಿಷ್ಠೆಯಾದ, ರಾಜಗುರು ಯಜ್ಞವರಾಹನ ಈ ಪುಟ್ಟ ಶಿವಾಲಯದ ಗುಲಾಬಿ ಮರಳುಗಲ್ಲು ಮಳೆಯಲ್ಲಿ ನೆನೆದು ಕಡುಗೆಂಪಾಗಿತ್ತು. ಕೈಲಾಸವನ್ನೆತ್ತುವ ರಾವಣನನ್ನು ಹಳೇಬೀಡಿನ ಗೋಡೆಯಲ್ಲಿ ಕಂಡಿದ್ದೆವು. ಇಲ್ಲಿ ಕೈಲಾಸ ಮೆಟ್ಟಿಲು ಮೆಟ್ಟಿಲಾದ ಪಿರಮಿಡ್, ಬುಡದಲ್ಲಿ ಪ್ರಾಣಿಗಳು ದಿಕ್ಕಾಪಾಲಾಗಿವೆ, ಮೇಲೆ ಪಾರ್ವತಿ ಹೆದರಿ ಶಿವನಿಗೆ ಅಂಟಿಕೊಂಡಿದ್ದಾಳೆ. ಬಳಪದ ಕಲ್ಲಿನಲ್ಲಿ ಹೊಯ್ಸಳರು ರಾವಣನ ಬಲವನ್ನು ತೋರಿಸಿದರೆ, ಕಾಂಬೋಡಿಯಾದ ಖ್ಮೇರ್ ಶಿಲ್ಪಿ ಬೆಟ್ಟ ಅಲುಗಿದಾಗ ಅಲ್ಲಿದ್ದವರಿಗೆ ಏನಾಯಿತೆಂದು ಹೇಳುತ್ತಾನೆ. ಕಥೆ ಹೇಳುವುದರಲ್ಲಿ ಖ್ಮೇರ್ ಶಿಲ್ಪಿಯದೇ ಮೇಲುಗೈ ಎಂದು ನನ್ನ ಅಭಿಪ್ರಾಯ. ಅಮ್ಮ ಇದನ್ನು ಇನ್ನೂ ಒಪ್ಪಿಲ್ಲ.